ಪೂಜೆಗಿಟ್ಟ ಪುಟ್ಟ ಸೀಸೆ

"ಏ ಏ ಏ... ಬಿಡ್ರೀ ಅದನ್ನ! ಬಿಡ್ರೀ ಅಂದ್ರ!"

ಹಿಂದಿನಿಂದ ಬಂದ ಗಂಡುದನಿಗೆ ವೀಕ್ಷಾ ಬೆಚ್ಚಿಬಿದ್ದಳು. ತಿರುಗಿ ನೋಡುವಷ್ಟರಲ್ಲಿ ಯಾರೋ ಅವಳ ಮಣಿಕಟ್ಟು ಹಿಡಿದಾಗಿತ್ತು.

ಅವಳ ಬೆರಳುಗಳ ನಡುವೆ ಹೆಬ್ಬೆರಳಿನಷ್ಟೂ ಇಲ್ಲದ ಒಂದು ಗಾಜಿನ ಸೀಸೆ. ಅದರ ಕೆಳಗೆ ಮೇಜಿನ ಮೇಲೆ ಗುರ್‌ರ್ ಎಂದು ನಡುಗುತ್ತಿದ್ದ ಯಂತ್ರ. ಟ್ಯೂಬನ್ನು ಒತ್ತಿ ಹಿಡಿದರೆ ಗಡಗಡ ಅಲುಗಿಸಿ ಒಳಗಿನದನ್ನೆಲ್ಲ ಕಲೆಸಿಬಿಡುವ ಯಂತ್ರ ಅದು. ಇನ್ನೊಂದು ಕ್ಷಣ ತಡವಾಗಿದ್ದರೆ ಸೀಸೆ ಅದರ ಮೇಲಿರುತ್ತಿತ್ತು.

"ಕೈ ಬಿಡಿ ಮೊದಲು! ಎಂತ ಇದು? ಗುರ್ತ ಇಲ್ಲ, ಪರಿಚಯ ಇಲ್ಲ...!"

ಅವನು ಕೈ ಬಿಟ್ಟ. ಸೀಸೆಯನ್ನು ಮಾತ್ರ ಮೆಲ್ಲಗೆ ಅವಳ ಬೆರಳಿನಿಂದ ಬಿಡಿಸಿಕೊಂಡ.

"ಹೆಪ್ಪ ಹಾಕಿದ ಗಡಗಿ ಹಿಂಗ ಅಲುಗಿಸ್ತಾರೇನ್ರಿ ನಿಮ್ಮ ಕಡೆ? ಪ್ರೋಟೀನ್ ಐತಿ ಇದು. ನೊರಿ ಬಂತಂದ್ರ ಕಥಿ ಮುಗೀತು!"

ಹಾಗೆಂದವನು ಸೀಸೆಯನ್ನು ಎರಡು ಬೆರಳಲ್ಲಿ ಹಿಡಿದು, ತೊಟ್ಟಿಲ ಕೂಸನ್ನು ತೂಗುವ ಹಾಗೆ ಆ ಕಡೆ ಈ ಕಡೆ ಓಲಾಡಿಸಿದ. ಒಳಗಿದ್ದ ಬಿಳಿ ಪುಡಿ ಸದ್ದಿಲ್ಲದೆ ನೀರಾಯಿತು.

ವೀಕ್ಷಾಳ ಮುಖ ಕೆಂಪಾಯಿತು. ತಪ್ಪು ತನ್ನದೇ ಎಂದು ಗೊತ್ತಾದಾಗ ಬರುವ ಸಿಟ್ಟು ಇದೆಯಲ್ಲ, ಅದಕ್ಕಿಂತ ದೊಡ್ಡ ಸಿಟ್ಟು ಲೋಕದಲ್ಲಿಲ್ಲ!

"ನಾನು ಕನ್ನಡದವಳು ಅಂತ ನಿಮಗೆ ಯಾರು ಹೇಳಿದ್ದು?"

"ಯಾರು ಹೇಳಬೇಕ್ರಿ? ಆ ಮಷೀನಿಗೆ ಕನ್ನಡದಾಗ ಬೈಯಾಕತ್ತಿದ್ರಿ."

ನಗು ಬಂತು. ತಡೆದುಕೊಂಡಳು. 'ನಕ್ಕರೆ ಸೋತ ಹಾಗೆ' ಎಂದು ಮನಸ್ಸಿಗೆ ಗದರಿಸಿದಳು.

ಅವನೇ ವಿಶ್ವಾರಾಧ್ಯ. ಹಾವೇರಿ ಕಡೆಯವನು. ಧಾರವಾಡದಲ್ಲಿ ಪಿಎಚ್‌.ಡಿ. ಮುಗಿಸಿ, ಚೆನ್ನೈಯ ತಾಂಬರಂನ ಈ ಲ್ಯಾಬಿಗೆ ಗುಣವತಿ ಮೇಡಂ ಕೈಕೆಳಗೆ ಕೆಲಸಕ್ಕೆ ಸೇರಿ ಅದು ಮೊದಲನೇ ದಿನ. ಹಣೆಯ ಮೇಲೆ ವಿಭೂತಿ, ಮಾತಿನಲ್ಲಿ ಖಾರ.

ಅವಳು ವೀಕ್ಷಾ. ಬಂಟ್ವಾಳದ ಕಡೆಯವರಾದರೂ ಹುಟ್ಟಿದ್ದು ಬೆಳೆದದ್ದು ಚೆನ್ನೈಯಲ್ಲೇ. ಅಪ್ಪ ಐತಪ್ಪನವರದು ಎಗ್ಮೋರ್ ಸ್ಟೇಷನ್ನಿನ ಹತ್ತಿರದ ಬೀದಿಯಲ್ಲಿ ಚಿಕ್ಕದೊಂದು ಸಸ್ಯಾಹಾರಿ ಹೋಟೆಲು. ಆ ಹೋಟೆಲಿನ ಸಾಂಬಾರಿಗೆ ಹೆಸರು ತಂದವಳು ಅಮ್ಮ ವಿನೋದಾ.

ತಂದವಳು... ಹೌದು, ಹಿಂದೆ.

ಈಗ ಅಮ್ಮನ ಬೆರಳುಗಳು ಸೌಟು ಹಿಡಿಯುವುದಿಲ್ಲ. ಸಂಧಿವಾತ. ಮೈಯನ್ನು ಕಾಯಬೇಕಾದ ಜೀವಕೋಶಗಳೇ ತಿರುಗಿಬಿದ್ದು ಗಂಟುಗಂಟಿಗೂ ಬೆಂಕಿ ಹಚ್ಚುವ ಕಾಯಿಲೆ. ಬೆಳಿಗ್ಗೆ ಎದ್ದಾಗ ಮುಷ್ಟಿ ಬಿಚ್ಚುವುದಕ್ಕೇ ಅಮ್ಮನಿಗೆ ತುಂಬಾ ಹೊತ್ತು ಬೇಕು.

ವೀಕ್ಷಾ ಈ ಸಂಶೋಧನೆಯ ಓದಿಗೆ ಬಂದದ್ದೂ ಅದಕ್ಕೇ. ಆ ಪುಟ್ಟ ಸೀಸೆಯಲ್ಲಿದ್ದದ್ದು ಉರಿಯೂತ ತಣಿಸುವ ಒಂದು ಪ್ರೋಟೀನ್. ನಮ್ಮ ಮೈಯೇ ತಯಾರಿಸುವಂಥದ್ದು; ಅದನ್ನೇ ಬ್ಯಾಕ್ಟೀರಿಯಾಗಳ ಹೊಟ್ಟೆಯಲ್ಲಿ ಬೆಳೆಸಿ, ಶುದ್ಧ ಮಾಡಿ, ಒಣಗಿಸಿ ಪುಡಿ ಮಾಡಿ ಲ್ಯಾಬುಗಳಿಗೆ ಕಳಿಸುತ್ತಾರೆ. ಹೆಸರು ಇಂಟರ್‌ಲ್ಯೂಕಿನ್-10. ಲ್ಯಾಬಿನವರ ಬಾಯಲ್ಲಿ 'ಐಎಲ್-ಟೆನ್'. ಸೀಸೆಯ ಮೇಲೆ ಇರುವೆಯಷ್ಟು ಸಣ್ಣ ಅಕ್ಷರಗಳಲ್ಲಿ ಒಂದು ಎಚ್ಚರಿಕೆ... ಸಂಶೋಧನೆಗೆ ಮಾತ್ರ, ಮನುಷ್ಯರಿಗೆ ಕೊಡುವಂತಿಲ್ಲ.

ಆ ಒಂದು ಸಾಲು ವೀಕ್ಷಾಳ ಎದೆಯಲ್ಲಿ ಮುಳ್ಳಿನಂತೆ ಕೂತಿತ್ತು.

*

ಜಗಳದಿಂದ ಶುರುವಾದದ್ದು ಜಗಳದಲ್ಲೇ ಬೆಳೆಯಿತು.

"ಪಿಪೆಟ್ ಹಿಡಿಯೂದು ಹಿಂಗೇನ್ರಿ? ಸೌಟಿನಂಗ ಹಿಡದೀರಲ್ಲ!"

"ಹೋಟೆಲಿನವರ ಮಗಳು ನಾನು, ಸೌಟಿನ ಹಾಗೆಯೇ ಹಿಡಿಯುವುದು. ನಿಮಗೆಂತ ಕಷ್ಟ?"

ಮಧ್ಯಾಹ್ನ ಅವಳ ಡಬ್ಬಿಯ ನೀರುದೋಸೆಗೆ ಅವನ ಶೇಂಗಾ ಚಟ್ನಿಪುಡಿ ಸೇರತೊಡಗಿತು. ಸಂಜೆ ತಾಂಬರಂ ಸ್ಟೇಷನ್ನಿನಲ್ಲಿ ಅವಳು ಎಲೆಕ್ಟ್ರಿಕ್ ಟ್ರೈನಿಗೆ ಕಾಯುತ್ತಿದ್ದರೆ ಅವನೂ ಬಂದು ನಿಲ್ಲುತ್ತಿದ್ದ.

"ನೀವೆಂತ ಇಲ್ಲಿ?"

"ನಂಗೂ ಎಗ್ಮೋರ್ ಕಡೆ ಸಣ್ಣ ಕೆಲಸ ಐತ್ರಿ."

ದಿನಾ ಎಂಥ ಕೆಲಸವೋ ಅದು! ಅವಳು ಕೇಳಲಿಲ್ಲ. ಕೇಳಿದರೆ ಎಲ್ಲಿ ಬರುವುದನ್ನು ನಿಲ್ಲಿಸಿಬಿಡುತ್ತಾನೋ ಎಂಬ ಹೆದರಿಕೆ ಅವಳಿಗಿತ್ತು ಎಂದು ನಾನು ಹೇಳಿದರೆ, ಆಗ ಅವಳು ಖಂಡಿತ ಒಪ್ಪುತ್ತಿರಲಿಲ್ಲ.

ಗುಣವತಿ ಮೇಡಂ ಒಪ್ಪಿಗೆಯಿಂದ ಸಂಧಿವಾತದ ರೋಗಿಗಳು ಕೆಲವರು ಪ್ರಯೋಗಕ್ಕೆ ರಕ್ತ ಕೊಟ್ಟಿದ್ದರು. ಅಮ್ಮನೂ ಕೊಟ್ಟಿದ್ದಳು. ಲ್ಯಾಬಿನ ಪುಟ್ಟ ಬಟ್ಟಲಿನಲ್ಲಿ ಕೆರಳಿ ಕುದಿಯುತ್ತಿದ್ದ ಅಮ್ಮನ ಜೀವಕೋಶಗಳಿಗೆ ವೀಕ್ಷಾ ಐಎಲ್-ಟೆನ್‌ನ ಒಂದು ತೊಟ್ಟು ಹಾಕಿದಳು. ಮರುದಿನ ನೋಡಿದರೆ... ಶಾಂತ! ಅಳುವ ಮಗು ಮೊಲೆ ಸಿಕ್ಕಿದ ಮೇಲೆ ಸುಮ್ಮನಾದಷ್ಟು ಶಾಂತ.

"ವಿಶ್ವಾ ಸರ್... ನೋಡಿ! ಅಮ್ಮನದ್ದು! ಕಡಿಮೆ ಆಗಿದೆ!"

ಅವನೂ ನೋಡಿದ. ಅವಳ ಕಣ್ಣಿನಲ್ಲಿ ತುಂಬಿದ್ದ ಆಸೆಯನ್ನೂ ನೋಡಿದ. ಆ ಆಸೆ ಕಂಡು ಅವನಿಗೆ ಭಯವಾಯಿತು.

ಅದೇ ವಾರ ಆಸ್ಪತ್ರೆಯಲ್ಲಿ ಡಾಕ್ಟರು ಕೈಚೆಲ್ಲಿದರು. ಅಮ್ಮನಿಗೆ ಕೊಡಬೇಕೆಂದಿದ್ದ ಹೊಸ ಇಂಜೆಕ್ಷನ್ ಈಗ ಕೊಡುವಂತಿಲ್ಲ. ರಕ್ತಪರೀಕ್ಷೆಯಲ್ಲಿ ಯಾವುದೋ ಹಳೆಯ ಕ್ಷಯದ ಸೋಂಕು ಮೈಯೊಳಗೆ ಮಲಗಿರುವುದು ಕಂಡಿದೆ. ಅದಕ್ಕೆ ತಿಂಗಳುಗಟ್ಟಲೆ ಮಾತ್ರೆ ಆಗಬೇಕು. ಅಲ್ಲಿಯವರೆಗೆ?

"ಅಲ್ಲಿಯವರೆಗೆ ತಡ್ಕೊಳ್ಳಬೇಕು ಅಂತೆ!" ಟ್ರೈನಿನ ಬಾಗಿಲ ಬಳಿ ನಿಂತು ವೀಕ್ಷಾ ಹೇಳಿದಳು. "ನಿನ್ನೆ ಅಮ್ಮ ಬಾತ್ರೂಮಿನ ಚಿಲಕ ತೆಗೀಲಿಕ್ಕಾಗದೆ ಒಳಗೇ ಕೂತು ಅಳ್ತಾ ಇದ್ದಳು. ನಾನು ಹೊರಗೆ. ಏನೂ ಮಾಡ್ಲಿಕ್ಕಾಗಲಿಲ್ಲ ನನಗೆ..."

ವಿಶ್ವ ಅವಳತ್ತ ತಿರುಗಿ ನಿಂತ.

"ಒಂದು ಮಾತು ಕೇಳ್ತೇನೆ, ಬೈಬೇಡಿ." ಅವಳ ದನಿ ತೀರ ಸಣ್ಣದಾಯಿತು. "ಐಎಲ್-ಟೆನ್ ಸೀಸೆ, ಕೊನೆಯ ಒಂದು ವಯಲ್ ಉಂಟಲ್ಲ ಫ್ರೀಜರಲ್ಲಿ. ಅದನ್ನು ಅಮ್ಮನಿಗೆ... ಸ್ವಲ್ಪವೇ ಸ್ವಲ್ಪ..."

"ಹುಚ್ಚ ಹಿಡದೈತೇನ್ರಿ ನಿಮಗ?"

ಇಡೀ ಬೋಗಿ ತಿರುಗಿ ನೋಡಿತು.

"ಬಟ್ಟಲದಾಗ ಆಗಿದ್ದು ಮೈಯಾಗ ಆಗಂಗಿಲ್ಲ. ದೊಡ್ಡ ದೊಡ್ಡವ್ರು ಮನುಷ್ಯಾರ ಮ್ಯಾಲ ನೋಡಿ ಅಂದ್ಕೊಂಡಂಗ ಆಗಲಿಲ್ಲಂತ ಕೂತಾರ. ಇದು ಲ್ಯಾಬಿಗಂತ ಮಾಡಿದ್ದು. ಅಮ್ಮಾರ ರಕ್ತಕ್ಕ ಹೋದ್ರ ಜೀವಕ್ಕ ಬರತೈತಿ! ಇನ್ನೊಮ್ಮೆ ಆ ಮಾತು ಬಾಯಾಗ ತರಬ್ಯಾಡ್ರಿ!"

"ಗೊತ್ತುಂಟು! ಅದೆಲ್ಲ ನನಗೂ ಗೊತ್ತುಂಟು!" ಅವಳ ಕಣ್ಣಲ್ಲಿ ನೀರು ದಳದಳ ಇಳಿಯಿತು. "ಗೊತ್ತಿದ್ದೂ ಕೇಳ್ತಾ ಇದ್ದೇನೆ ಅಂದ್ರೆ ಎಷ್ಟು ಸೋತು ಹೋಗಿದ್ದೇನೆ ಅಂತ ನಿಮಗೆ ಅರ್ಥ ಆಗ್ಲಿಲ್ವಾ?"

ಎಗ್ಮೋರ್ ಬಂತು. ಹಿಂತಿರುಗಿ ನೋಡದೆ ಇಳಿದು ಹೋದಳು.

*

ಆಯುಧ ಪೂಜೆಯ ದಿನ ಚೆನ್ನೈಯ ಲ್ಯಾಬುಗಳನ್ನು ನೋಡಬೇಕು ನೀವು! ಸೂಕ್ಷ್ಮದರ್ಶಕಕ್ಕೆ ಕುಂಕುಮ, ಗಿರಗಿರ ತಿರುಗುವ ಯಂತ್ರಕ್ಕೆ ಗಂಧ, ಫ್ರೀಜರಿನ ಹಿಡಿಗೆ ಸೇವಂತಿಗೆ ಹಾರ. ಸಾಂಬ್ರಾಣಿ ಹೊಗೆಗೆ ಬೆಂಕಿಯ ಅಲಾರಂ ಎಲ್ಲಿ ಕೂಗುತ್ತದೋ ಎಂದು ಒಬ್ಬರು ಅದಕ್ಕೆ ಬಟ್ಟೆ ಕಟ್ಟಿ ಕಾವಲು ನಿಲ್ಲುತ್ತಾರೆ.

ಆ ಬೆಳಿಗ್ಗೆ ಫ್ರೀಜರಿನ ಹಿಮ ಕೆರೆದು ತೊಳೆಯಲು ಅದರಲ್ಲಿದ್ದ ಡಬ್ಬಗಳನ್ನೆಲ್ಲ ಪಕ್ಕದ ಲ್ಯಾಬಿನ ಫ್ರೀಜರಿಗೆ ಸಾಗಿಸುತ್ತಿದ್ದರು. ವೀಕ್ಷಾಳ ಕೈಗೆ ಆ ಚಿಕ್ಕ ಡಬ್ಬ ಬಂತು. ಒಳಗೆ ಕೊನೆಯ ಸೀಸೆ.

ಎಲ್ಲರೂ ಬೂದುಗುಂಬಳ ಒಡೆಯಲು ಗೇಟಿನ ಹತ್ತಿರ ಹೋಗಿದ್ದರು. ಅವಳೊಬ್ಬಳೇ.

ಸೀಸೆಯನ್ನು ತೆಗೆದಳು. ಮುಷ್ಟಿಯಲ್ಲಿ ಹಿಡಿದಳು. ಆಮೇಲೆ... ತನ್ನ ಬ್ಯಾಗಿನ ಪಕ್ಕದ ಜೇಬಿಗೆ ಹಾಕಿಕೊಂಡಳು!

'ಯಾರಿಗೆ ಗೊತ್ತಾಗ್ತದೆ? ಮನೆಯಲ್ಲಿ ಸಿರಿಂಜು ಉಂಟು. ಅಮ್ಮ ನನ್ನ ಮಾತಿಗೆ ಎದುರಾಡುವುದಿಲ್ಲ. ಒಂದೇ ಒಂದು ಸಲ...'

'ವೀಕ್ಷಾ! ಮರ್ಲಾ, ಹುಚ್ಚಾ ನಿನಗೆ? ಅಮ್ಮ ಸತ್ತೇ ಹೋದರೆ?'

'ಈಗ ಬದುಕಿದ್ದಾಳಾ ಅವಳು?'

ಹತ್ತಿರದ ಸ್ಟೂಲಿನ ಮೇಲೆ ಕುಸಿದಳು. ಎದುರಿಗೆ ಸರಸ್ವತಿಯ ಪಟ. ಪಟದ ಮುಂದೆ ಎಲ್ಲರೂ ಇಟ್ಟ ಪುಸ್ತಕಗಳು, ಪಿಪೆಟ್ಟುಗಳು, ಹೂವಿನ ರಾಶಿ. ಚಿಕ್ಕವಳಿದ್ದಾಗ ಗಣಿತದ ಪುಸ್ತಕವನ್ನು ಮೊದಲು ಓಡಿಹೋಗಿ ಪೂಜೆಗೆ ಇಡುತ್ತಿದ್ದವಳು ಅವಳು. ಅಮ್ಮನ ಕಟ್ಟುನಿಟ್ಟು ಹಾಗಿತ್ತು... ಪೂಜೆಗೆ ಇಟ್ಟದ್ದನ್ನು ವಿಜಯದಶಮಿಯ ಆರತಿ ಆಗುವವರೆಗೆ ಮುಟ್ಟುವಂತಿಲ್ಲ. ಮುಟ್ಟಿದರೆ ವಿದ್ಯೆ ಹೋಗುತ್ತದೆ.

ಥಟ್ಟನೆ ಎದ್ದಳು. ಬ್ಯಾಗಿನಿಂದ ಸೀಸೆ ತೆಗೆದು, ತನ್ನ ಪುಸ್ತಕದ ಕೆಳಗೆ, ಸೇವಂತಿಗೆಗಳ ನಡುವೆ ತಳ್ಳಿದಳು. ಕೈ ಮುಗಿದಳು.

"ತಾಯೀ... ಇದನ್ನು ನನ್ನ ಕೈಗೆ ಸಿಗದ ಹಾಗೆ ಇಟ್ಟುಕೋ."

ಪುಡಿಯಾಗಿರುವಾಗ ಒಂದೆರಡು ದಿನ ಹೊರಗಿದ್ದರೆ ಅದು ಕೆಡುವುದಿಲ್ಲ, ಅದು ಅವಳಿಗೆ ಗೊತ್ತಿತ್ತು. ಆದರೆ ಇಷ್ಟು ಮಾಡಿದವಳು ಯಾರಿಗಾದರೂ ಒಂದು ಮಾತು ಹೇಳಬಾರದಿತ್ತೇ! ಹೇಗೆ ಹೇಳಿಯಾಳು? ಯಾಕೆ ಇಟ್ಟೆ ಎಂದು ಕೇಳಿದರೆ ಏನೆನ್ನುವುದು? ಪೂಜೆ ಮುಗಿಯಿತು, ಚುರುಮುರಿ ಕಡಲೆ ಹಂಚಿದ್ದಾಯಿತು, ಹೋಟೆಲಿನ ಪೂಜೆಗೆ ಹೊತ್ತಾಯಿತೆಂದು ಅವಳು ಹೊರಟೇಬಿಟ್ಟಳು.

ಇತ್ತ ಹೋಟೆಲಿನಲ್ಲಿ ಅಪ್ಪ ಐತಪ್ಪನವರದು ಬೇರೆಯೇ ಶಾಸ್ತ್ರ. ರುಬ್ಬುವ ಗ್ರೈಂಡರಿಗೂ ಕಾಫಿ ಫಿಲ್ಟರಿಗೂ ಕುಂಕುಮ ಹಚ್ಚಿದ ಮೇಲೆ ಒಂದು ಹರಿವಾಣ ಹಿಡಿದು ಎಲ್ಲರ ಮುಂದೆ ಬಂದರು.

"ಇಡಿ, ಇಡಿ! ಈ ಕಾಲದ ದೊಡ್ಡ ಆಯುಧ ಇದುವೇ. ನಾಳೆ ಆರತಿ ಆದ ಮೇಲೆ ಫೋನು!"

ವೀಕ್ಷಾಳ ಫೋನೂ ದೇವರ ಮುಂದೆ ಕೂತಿತು.

ಸಂಜೆ ಡಬ್ಬಗಳನ್ನು ಮರಳಿ ಜೋಡಿಸುತ್ತಿದ್ದ ವಿಶ್ವ ಆ ಚಿಕ್ಕ ಡಬ್ಬದ ಮುಚ್ಚಳ ತೆರೆದ. ಖಾಲಿ! ಟ್ರೈನಿನ ಬಾಗಿಲಲ್ಲಿ ಅತ್ತಿದ್ದ ಆ ಮುಖ ಕಣ್ಣಮುಂದೆ ಬಂತು.

ಫೋನ್ ಮಾಡಿದ. ಗಂಟೆ ಹೊಡೆದು ಹೊಡೆದು ನಿಂತಿತು. ಮತ್ತೆ ಮಾಡಿದ. ಮತ್ತೆ, ಮತ್ತೆ. ದೇವರ ಮುಂದೆ ಕೂತ ಫೋನು ಎತ್ತುವವರಾರು?

'ಯಾಕ ಎತ್ತವಲ್ಲಳು? ಕೊಟ್ಟಬಿಟ್ಟಾಳೇನು? ಶಿವನ...!'

ಓಡುತ್ತ ಬಂದು ಟ್ರೈನ್ ಹತ್ತಿದ. ಹೋಟೆಲು ತಲುಪಿದಾಗ ವೀಕ್ಷಾ ಇರಲಿಲ್ಲ. ಪಕ್ಕದ ಬೀದಿಯವರ ಮನೆಗೆ ಸಾಲಾಗಿ ಜೋಡಿಸಿದ ದಸರಾ ಗೊಂಬೆಗಳ ಕೊಲು ನೋಡಿ ಅರಿಸಿನ ಕುಂಕುಮ ತರಲು ಹೋಗಿದ್ದಳು. ಅವನು ಹೋಟೆಲಿನ ಮೇಲಿದ್ದ ಮನೆಗೆ ಮಹಡಿ ಹತ್ತಿ, ಅವಳ ಅಮ್ಮನ ಕೋಣೆಗೆ ಹೋದ. ತುಸು ಹೊತ್ತಿನ ಮೇಲೆ ಇಳಿದು ಬಂದವನ ಕಣ್ಣು ಕೆಂಪಾಗಿತ್ತು. ಬೀದಿಯಲ್ಲೇ ನಿಂತು ಗುಣವತಿ ಮೇಡಂಗೆ ಫೋನ್ ಹಚ್ಚಿದ.

"ಮೇಡಂ... ಆ ಕೊನೆಯ ಐಎಲ್-ಟೆನ್... ನನ್ನ ಕೈಯಿಂದ ಬಿದ್ದು ಒಡೆದುಹೋಯಿತು."

*

ವಿಜಯದಶಮಿಯ ಬೆಳಿಗ್ಗೆ. ಅಮ್ಮನ ಬೆರಳುಗಳನ್ನು ಬಿಸಿನೀರಿನಲ್ಲಿಟ್ಟು ಮೆಲ್ಲಗೆ ನೀವುತ್ತಿದ್ದಳು ವೀಕ್ಷಾ.

"ಮಗಾ... ನಿನ್ನ ಹಾವೇರಿಯವರು ನಿನ್ನೆ ಬಂದಿದ್ರು. ನಿನಗೆ ಹೇಳ್ಬೇಡಿ ಅಂದಿದ್ರು. ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ ನೋಡು."

ವೀಕ್ಷಾಳ ಮುಖ ಅರಳಿತು. "ಬಂದಿದ್ರಾ? ಎಂತಕ್ಕೆ?"

"ಅದೇ ಗೊತ್ತಾಗ್ಲಿಲ್ಲ. ನನ್ನ ಎರಡೂ ತೋಳು ತಿರುಗಿಸಿ ತಿರುಗಿಸಿ ನೋಡಿದ್ರು. ಮಗಳು ಏನಾದ್ರೂ ಇಂಜೆಕ್ಷನ್ ಕೊಟ್ಟಳಾ ಅಂತ ಕೇಳಿದ್ರು. ಇನ್ನು ಕೊಡ್ಲಿಕ್ಕೆ ಬಂದ್ರೂ ಬೇಡ ಅನ್ನಿ ಅಂದ್ರು. ಎಂತ ಇಂಜೆಕ್ಷನ್ ಮಗಾ?"

ನೀವುತ್ತಿದ್ದ ಕೈ ನಿಂತಿತು.

ಕೆಳಗೆ ಆರತಿ ಮುಗಿದು ಫೋನು ಕೈಗೆ ಬಂತು. ಅವನ ಕರೆಗಳ ಸಾಲು. ಅದರ ಮೇಲೆ ಲ್ಯಾಬಿನ ಗುಂಪಿಗೆ ಮೇಡಂ ಹಾಕಿದ ಸಂದೇಶ... ವಿಶ್ವಾರಾಧ್ಯ ಕೊನೆಯ ವಯಲ್ ಒಡೆದಿದ್ದಾನೆ, ಹೊಸದು ಬರುವವರೆಗೆ ವೀಕ್ಷಾಳ ಪ್ರಯೋಗ ಇಲ್ಲ, ಅವನು ಬೇರೆ ಕೆಲಸ ನೋಡಿಕೊಳ್ಳುವುದು ಒಳ್ಳೆಯದು.

ಒಂದಕ್ಕೊಂದು ಜೋಡಿಸಿಕೊಳ್ಳಲು ಅವಳಿಗೆ ಹೊತ್ತು ಹಿಡಿಯಲಿಲ್ಲ.

'ನನ್ನನ್ನು ಕಳ್ಳಿ ಅಂದ್ಕೊಂಡ್ರು. ಅಮ್ಮನ ಮೈಗೇ ಚುಚ್ಚುವವಳು ಅಂದ್ಕೊಂಡ್ರು! ಮೇಲಿಂದ ನನಗೆ ದಾನ ಬೇರೆ...!'

ಅವಳು ತಾಂಬರಂ ಮುಟ್ಟಿದಾಗ ಲ್ಯಾಬಿನಲ್ಲಿ ಮಂಗಳಾರತಿ ಆಗುತ್ತಿತ್ತು. ಮೂಲೆಯಲ್ಲಿ ವಿಶ್ವ ತಲೆ ತಗ್ಗಿಸಿ ನಿಂತಿದ್ದ. ಆರತಿ ತಟ್ಟೆ ಕೆಳಗಿಟ್ಟದ್ದೇ ತಡ, ವೀಕ್ಷಾ ಪಟದ ಮುಂದೆ ಹೋಗಿ ತನ್ನ ಪುಸ್ತಕ ಎತ್ತಿದಳು.

ಸೀಸೆ ಅಲ್ಲೇ ಇತ್ತು. ಗಾಜಿಗೆ ಕುಂಕುಮ ಮೆತ್ತಿತ್ತು, ಸೇವಂತಿಗೆಯ ಒಂದು ಎಸಳು ಅಂಟಿತ್ತು.

"ಪೂಜೆಗೆ ಇಟ್ಟದ್ದು ನಾನು ಮೇಡಂ. ಹೇಳದೆ ಇಟ್ಟದ್ದು ನನ್ನದೇ ತಪ್ಪು. ಬೈಯುವುದಿದ್ದರೆ ನನಗೆ ಬೈಯಿರಿ," ಎಂದು ತಮಿಳಿನಲ್ಲಿ ಹೇಳಿದಳು. "ಒಡೆದದ್ದು ಯಾವುದು ಅಂತ ಇವರನ್ನೇ ಕೇಳಿ."

ಗುಣವತಿ ಮೇಡಂ ಸೀಸೆಯನ್ನು ನೋಡಿದರು, ಅವಳನ್ನು ನೋಡಿದರು, ಅವನನ್ನು ನೋಡಿದರು. ಅವರ ತಲೆಕೂದಲು ಸುಮ್ಮನೆ ಬೆಳ್ಳಗಾದದ್ದಲ್ಲ.

"ಒರೆಸಿ ಫ್ರೀಜರಿಗೆ ಇಡು," ಎಂದಷ್ಟೇ ಹೇಳಿದರು. "ನಾಳೆ ಇಬ್ಬರೂ ಸೇರಿ ಪ್ರಯೋಗ ಮಾಡಿ. ಯಾರೂ ಎಲ್ಲಿಗೂ ಹೋಗುವುದು ಬೇಡ. ಆದರೆ ನನ್ನ ಲ್ಯಾಬಿನಲ್ಲಿ ಸಿನಿಮಾ ಬೇಡಪ್ಪಾ!"

ಹೊರಗೆ ಮೆಟ್ಟಿಲ ಬಳಿ ಅವನು ಅಡ್ಡ ಬಂದ. "ವೀಕ್ಷಾ, ಒಂದು ಮಾತು ಕೇಳ್ರಿ..."

"ನಾನು ಕದ್ದೆ ಅಂತ ಅಂದ್ಕೊಂಡ್ರಿ. ಹೌದಾ ಇಲ್ವಾ?"

ಅವನಿಗೆ ಇನ್ನೊಂದು ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಮೇಡಂಗೆ ಹೇಳಿದ ಒಂದು ಸುಳ್ಳೇ ಅವನನ್ನು ರಾತ್ರಿಯಿಡೀ ಸುಟ್ಟಿತ್ತು. "...ಹೌದ್ರಿ."

"ನನ್ನನ್ನು ಕಾಪಾಡಿದೆ ಅಂತ ಸಮಾಧಾನ ನಿಮಗೆ. ನಂಬಿದ್ರೆ ಕಾಪಾಡಬೇಕು ಅಂತಲೇ ಇರ್ಲಿಲ್ಲ! ಇನ್ನು ಟ್ರೈನಿಗೆ ಬರ್ಬೇಡಿ ನನ್ನ ಜೊತೆ."

ಧಡಧಡ ಇಳಿದು ಹೋದಳು. ಕೂಗಿ ಕರೆಯುವ ಹಕ್ಕನ್ನೂ ಕಳೆದುಕೊಂಡೆನೆಂದು ಅವನಿಗೆ ಅನ್ನಿಸಿತು.

ಆದರೆ ಅವಳ ಸಿಟ್ಟು ಬರೀ ಅವನ ಮೇಲಿನದ್ದಾಗಿರಲಿಲ್ಲ. ಬ್ಯಾಗಿನ ಪಕ್ಕದ ಜೇಬು ಮುಟ್ಟಿದಾಗಲೆಲ್ಲ ಅವಳ ಬೆರಳು ಸುಡುತ್ತಿತ್ತು.

*

ಪ್ರಯೋಗ ನಡೆಯಿತು. ಇಬ್ಬರೂ ಅಕ್ಕಪಕ್ಕ ಕೂತರು. ಸೀಸೆಗೆ ನೀರು ಹಾಕುವಾಗ ಅವಳು ಅವನು ಕಲಿಸಿದ ಹಾಗೆಯೇ ಓಲಾಡಿಸಿದಳು. ಅವನು ನೋಡಿದ. ಅವನು ನೋಡಿದ್ದನ್ನು ಅವಳೂ ನೋಡಿದಳು. ಅಷ್ಟೇ.

ಬಟ್ಟಲಿನಲ್ಲಿ ಅಮ್ಮನ ಜೀವಕೋಶಗಳು ಮತ್ತೆ ಶಾಂತವಾದವು.

ಎಗ್ಮೋರಿನ ಮಹಡಿಯ ಮೇಲೆ ಅಮ್ಮ ಮಾತ್ರ ಜ್ವರದಲ್ಲಿ ನರಳುತ್ತಿದ್ದಳು. ಎರಡೂ ಮಣಿಕಟ್ಟು ಊದಿಕೊಂಡಿದ್ದವು. ಡಾಕ್ಟರು ಮಾತ್ರೆ ಬದಲಿಸಿದರು, ತಾಳ್ಮೆ ಬೇಕು ಎಂದರು. ಐತಪ್ಪನವರು ಗಲ್ಲಾಪೆಟ್ಟಿಗೆ ಬಿಟ್ಟು ಘಳಿಗೆಗೊಮ್ಮೆ ಮೆಟ್ಟಿಲು ಹತ್ತಿ ಬರುವರು, ಬಾಗಿಲಲ್ಲಿ ನಿಲ್ಲುವರು, ಏನೂ ತೋಚದೆ ಇಳಿದು ಹೋಗುವರು.

"ಅಮ್ಮಾ, ನನ್ನ ಓದು ಎಂತಕ್ಕೆ ಬಂತು ಹೇಳು?" ವೀಕ್ಷಾ ಅಮ್ಮನ ಮಡಿಲಿನಲ್ಲಿ ಮುಖವಿಟ್ಟಳು. "ಬಟ್ಟಲಿಗೆ ಔಷಧ, ನಿನಗೆ ಇಲ್ಲ..."

ಅಮ್ಮ ಬಗ್ಗದ ಬೆರಳುಗಳಿಂದಲೇ ಮಗಳ ತಲೆ ಸವರಿದಳು.

"ಮಗಾ, ಆ ದಿನ ಪೂರ್ತಿ ಹೇಳ್ಲಿಲ್ಲ ನಾನು. ನೀನು ಸಿಟ್ಟಲ್ಲಿ ಎದ್ದು ಹೋದಿ."

"ಯಾವ ದಿನ?"

"ನಿನ್ನ ಹಾವೇರಿಯವರು ಬಂದ ದಿನ. ನನ್ನ ತೋಳಿನಲ್ಲಿ ಏನೂ ಇಲ್ಲ ಅಂತ ಗೊತ್ತಾದ ಕೂಡಲೇ ಅಲ್ಲೇ ನೆಲದ ಮೇಲೆ ಕೂತುಬಿಟ್ರು. ಮಗುವಿನ ಹಾಗೆ ಅತ್ತುಬಿಟ್ರು ಮಾರಾಯ್ತಿ! ಕಾಫಿ ಕುಡೀರಿ ಅಂತ ನಾನು ಹೇಳಿದ್ದು, ನನ್ನ ಲೋಟ ನನಗೇ ಎತ್ಲಿಕ್ಕಾಗ್ಲಿಲ್ಲ. ಅದನ್ನು ನೋಡಿ ಹತ್ತಿರ ಬಂದು, ಲೋಟ ಹಿಡಿದು ಪೂರ್ತಿ ಕುಡಿಸಿದ್ರು. ಅವರ ಕಾಫಿ ತಣಿದು ಹೋಗಿತ್ತು..." ಅಮ್ಮ ಉಸಿರೆಳೆದುಕೊಂಡಳು. "'ಅಮ್ಮಾರ, ವೀಕ್ಷಾ ಏನರೆ ತಪ್ಪು ಮಾಡಿದ್ರೂ ನಿಮ್ಮ ಮ್ಯಾಲಿನ ಜೀವಕ್ಕ ಮಾಡಿರತಾಳ. ಅಕಿನ್ನ ಬೈಬ್ಯಾಡ್ರಿ' ಅಂದ್ರು. ಅನುಮಾನ ಇತ್ತೇನೋ ಮಗಾ. ಆದರೆ ತಿರಸ್ಕಾರ ಇರ್ಲಿಲ್ಲ."



*

ಮರುದಿನ ಸಂಜೆ ಎಗ್ಮೋರಿನಲ್ಲಿ ಟ್ರೈನ್ ಇಳಿದವಳು ಎಂದಿನಂತೆ ಹೊರಗೆ ಹೋಗಲಿಲ್ಲ. ಕಂಬದ ಹತ್ತಿರ ನಿಂತಳು. ಜನ ಚೆದುರಿದರು.

ಕೊನೆಯ ಬೋಗಿಯಿಂದ ವಿಶ್ವ ಇಳಿದ.

ಬರಬೇಡಿ ಎಂದಿದ್ದಳಲ್ಲ? ಜೊತೆಗೆ ಬಂದಿರಲಿಲ್ಲ, ಪಾಪ. ದೂರದ ಬೋಗಿಯಲ್ಲಿ ಬಂದಿದ್ದ! ಗೇಟಿನ ಕಡೆ ಕಣ್ಣು ಹಾಯಿಸಿದ. ಅವಳು ಹೊರಟುಹೋದಳು ಎಂದುಕೊಂಡು, ಮತ್ತೊಂದು ಬದಿಗೆ ಹೋಗಿ ತಾಂಬರಂಗೆ ವಾಪಸು ಹೋಗುವ ಟ್ರೈನಿಗೆ ಕಾಯುತ್ತ ನಿಂತ.

ವೀಕ್ಷಾಳಿಗೆ ಎದೆ ತುಂಬಿ ಬಂತು. ಅವನ ಹಿಂದೆ ಹೋಗಿ ನಿಂತಳು.

"ನಿಮ್ಮ ರೂಮು ಎಲ್ಲಿ ಇರುವುದು?"

ಬೆಚ್ಚಿ ತಿರುಗಿದ. "ಅದು... ತಾಂಬರಂದಾಗ್ರಿ. ಲ್ಯಾಬಿನ ಹಿಂದಿನ ಓಣ್ಯಾಗ."

"ಹಾಗಾದ್ರೆ ಇಷ್ಟು ದಿನ ಎಗ್ಮೋರಲ್ಲಿ ನಿಮಗೆ ಎಂತ ಕೆಲಸ?"

ಅವನು ಚಪ್ಪಲಿ ನೋಡಿಕೊಂಡ. "ನಿಮ್ಮನ್ನ ಮನಿ ಮುಟ್ಟಿಸೂದು. ಅಷ್ಟ."

ಅವಳಿಗೆ ನಗುವೂ ಬಂತು, ಅಳುವೂ ಬಂತು. ಎರಡನ್ನೂ ನುಂಗಿಕೊಂಡಳು. ಮೊದಲು ಹೇಳಬೇಕಾದದ್ದು ಬೇರೆ ಇತ್ತು.

"ನನಗೆ ಒಂದು ಹೇಳ್ಲಿಕ್ಕೆ ಉಂಟು. ನಡುವೆ ಮಾತಾಡ್ಬೇಡಿ. ನಾನು... ಕದ್ದಿದ್ದೆ."

ಅವನು ತಲೆ ಎತ್ತಿದ.

"ಬ್ಯಾಗಿಗೆ ಹಾಕ್ಕೊಂಡಿದ್ದೆ. ಅಮ್ಮನಿಗೆ ಚುಚ್ಚಬೇಕು ಅಂತಲೇ. ಆಮೇಲೆ ನನ್ನನ್ನು ನೋಡಿ ನನಗೇ ಹೆದರಿಕೆ ಆಯ್ತು. ಪೂಜೆಗೆ ಇಟ್ರೆ ಮುಟ್ಲಿಕ್ಕಿಲ್ಲ ಅಲ್ವಾ... ಅದಕ್ಕೆ ಇಟ್ಟದ್ದು. ಭಕ್ತಿ ಅಲ್ಲ ಅದು. ನಿಮ್ಮ ಅನುಮಾನ ಸರಿಯಾಗಿಯೇ ಇತ್ತು. ಅದಕ್ಕೇ ನನಗೆ ಅಷ್ಟು ಸಿಟ್ಟು ಬಂದದ್ದು. ನಾನು ಯಾರಿಗೂ ತೋರಿಸದ್ದು ನಿಮಗೆ ಹೇಗೆ ಕಂಡಿತು?"

ವಿಶ್ವ ಒಂದು ಹೆಜ್ಜೆ ಹತ್ತಿರ ಬಂದ.

"ಯಾಕಂದ್ರ ನಾನೂ ಅದ ಫ್ರೀಜರ್ ಮುಂದ ನಿಂತಿದ್ದೆ."

"...ಏನು?"

"ನೀವು ಟ್ರೈನಿನ್ಯಾಗ ಹೇಳಿದ್ರಲ್ಲ, ಅಮ್ಮಾರು ಚಿಲಕ ತೆಗೀಲಾರದ ಅತ್ತದ್ದು. ಮರುದಿನ ಮುಂಜಾನೆ ಹೋಗಿ ಆ ವಯಲ್ ಕೈಯಾಗ ಹಿಡದು ನಿಂತಿದ್ದೆ. ಒಂದು ಸಲ ಕೊಟ್ಟು ನೋಡಿದ್ರೇನು ಅಂತ! ನಿಮಗ ಹುಚ್ಚ ಹಿಡದೈತೇನು ಅಂದವ, ನಾನ! ಓದಿದ್ದೆಲ್ಲ ಮರತು ನಾನ ಹಂಗ ನಿಂತಿದ್ದೆ ಅಂದಮ್ಯಾಲ, ಮಗಳಾದ ನೀವು..." ಅವನ ದನಿ ಒಡೆಯಿತು. "ಖಾಲಿ ಡಬ್ಬಿ ನೋಡಿದಾಗ ನಿಮ್ಮನ್ನ ಅಳತಿ ಮಾಡಲಿಲ್ರಿ ನಾ. ನನ್ನನ್ನ ಅಳತಿ ಮಾಡ್ಕೊಂಡೆ."

ತಾಂಬರಂ ಟ್ರೈನ್ ಬಂತು. ಜನ ಇಳಿದರು, ಹತ್ತಿದರು.

"ಅಮ್ಮನಿಗೆ ಇನ್ನೂ ತಿಂಗಳುಗಟ್ಟಲೆ ಹೀಗೆಯೇ," ಅವಳು ಮೆಲ್ಲಗೆಂದಳು. "ನಿಮಗೆ ಗೊತ್ತುಂಟಲ್ಲ?"

"ಗೊತ್ತೈತ್ರಿ. ನನ್ನ ಕೈಲೆ ಏನೂ ಆಗಂಗಿಲ್ಲ ವೀಕ್ಷಾ. ನೋವು ಕಡಿಮಿ ಮಾಡಾಕ ಬರಂಗಿಲ್ಲ, ದಿನ ಜಲ್ದಿ ಸರಿಸಾಕ ಬರಂಗಿಲ್ಲ. ಬಾಜೂಕ ಕುಂದರತೀನಿ. ಅಷ್ಟು... ಸಾಕಾಗತೈತೇನು?"

ಅವಳು ಹೌದೆಂದು ತಲೆಯಾಡಿಸಿದಳು.

ಟ್ರೈನ್ ಹೊರಟಿತು.

"ಅಯ್ಯೋ, ನಿಮ್ಮ ಟ್ರೈನ್ ಹೋಯ್ತು!"

"ಹೋಗಲಿ ಬಿಡ್ರಿ."

ಹಾಗೆಂದವನು ಅವಳ ಮಣಿಕಟ್ಟು ಹಿಡಿದ. ಮೊದಲ ದಿನ ಹಿಡಿದಿದ್ದ ಅದೇ ಕೈಯನ್ನು. ಆಮೇಲೆ ಇನ್ನೊಂದನ್ನೂ.

"ಕೈ ಬಿಡಿ ಮೊದಲು..." ಅವಳು ಕೆಂಪಾಗಿ ಸುತ್ತ ನೋಡಿದಳು. "ಜನ ನೋಡ್ತಾರೆ!"

"ಗುರ್ತ ಐತಿ, ಪರಿಚಯ ಐತಿ. ಈ ಸಲ ಬಿಡಂಗಿಲ್ಲ."

"ಒಂದನ್ನಾದ್ರೂ ಬಿಡಿ ಮಾರಾಯ್ರೆ!" ವೀಕ್ಷಾ ಅಳುತ್ತಲೇ ನಕ್ಕಳು. "ಅಮ್ಮನ ಕಾಫಿ ಹೊತ್ತಾಯ್ತು. ಲೋಟ ಹಿಡೀಲಿಕ್ಕೆ ನಿಮಗೊಂದು ಕೈ ಬೇಕಲ್ಲ...!"